ಕೊಡೆಯೂ ಬಾಂದುಕಲ್ಲೂ

ಹುಡುಕುವ ವಿದ್ಯೆಯಲ್ಲಿ ಗಂಡಸರಷ್ಟು ದಡ್ಡರು ಇನ್ನೊಬ್ಬರಿಲ್ಲ ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ‘ಗಂಡಸರು’ ಎಂದು ಬಹುವಚನ ಬಳಸುವುದು ಬರೀ ಸೌಜನ್ಯಕ್ಕೆ. ಮಾತು ಯಾರ ಮೇಲೆಂದು ನನಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ಬಾಯಲ್ಲಿ ಪೆನ್ಸಿಲು ಕಚ್ಚಿಕೊಂಡು “ಪೆನ್ಸಿಲೆಲ್ಲೇ?” ಎಂದು ಕೂಗಿದವನು ನಾನು. ಕೂಗುವಾಗ ಅದು ಬಾಯಿಂದ ಕೆಳಗೆ ಬಿದ್ದದ್ದರಿಂದ ಸಿಕ್ಕಿತೇ ಹೊರತು ನನ್ನ ಜಾಣತನದಿಂದಲ್ಲ. ಉಪ್ಪು ತನ್ನಿ ಎಂದು ಅಡುಗೆಮನೆಗೆ ಕಳಿಸಿದರೆ ಉಪ್ಪಿನ ಮರಿಗೆಯ ಮೇಲೆ ಕೈಯೂರಿ ನಿಂತು ಉಪ್ಪೆಲ್ಲಿ ಎನ್ನುತ್ತೇನೆ. “ಕಣ್ಣೆದುರಿಗೆ ಇರೋದು ನಿಮಗೆ ಕಾಣೋದೇ ಇಲ್ಲವಲ್ಲ!” ಎಂದು ಅವಳು ಬಂದು ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು ಉಪ್ಪು ತೆಗೆದುಕೊಂಡು ಹೋಗುತ್ತಾಳೆ.

ಇಂಥವನಿಗೆ ಸರ್ಕಾರ ಕೊಟ್ಟಿದ್ದ ಕೆಲಸವಾದರೂ ಏನು ಅನ್ನುತ್ತೀರಿ? ಹುಡುಕುವುದು! ಚಾಮರಾಜನಗರದಲ್ಲಿ ನಾನು ಸರ್ವೆ ಇಲಾಖೆಯ ಮೋಜಣಿದಾರನಾಗಿದ್ದೆ. ನಮ್ಮ ತಾತಂದಿರ ಕಾಲದಲ್ಲಿ ಯಾರೋ ಪುಣ್ಯಾತ್ಮರು ಊರೂರು ಅಳೆದು, ಹೊಲದ ಮೂಲೆಮೂಲೆಗೆ ಬಾಂದುಕಲ್ಲು ನೆಟ್ಟು, ನಕ್ಷೆ ಬರೆದಿಟ್ಟು ಹೋಗಿದ್ದರು. ನಕ್ಷೆಗಳು ಕಚೇರಿಯ ಬೀರುವಿನಲ್ಲಿ ಭದ್ರವಾಗಿದ್ದವು. ಕಲ್ಲುಗಳು ಮಾತ್ರ ನಕ್ಷೆಯ ಮಾತು ಕೇಳುತ್ತಿರಲಿಲ್ಲ. ಒಂದು ಮಣ್ಣಿನಡಿ ಹೂತುಹೋಗಿದ್ದರೆ ಇನ್ನೊಂದು ಯಾರದೋ ಮನೆಯ ಹೊಸ್ತಿಲಾಗಿ ಬಿದ್ದಿರುತ್ತಿತ್ತು. ಇಬ್ಬರು ರೈತರು ಗಡಿಗೆ ಜಗಳವಾಡಿ ಅರ್ಜಿ ಹಾಕಿದಾಗ ಹೋಗಿ, ಹಳೆಯ ಕಲ್ಲನ್ನು ಪತ್ತೆ ಮಾಡಿ, “ಇದು ನಿನ್ನದು, ಅದು ಅವನದು” ಎಂದು ಹೇಳಿ ಬರುವುದು ನನ್ನ ಕಾಯಕ. ಅದಕ್ಕೆ ನನಗೆ ಕೊಟ್ಟಿದ್ದ ಆಯುಧ ಮೂವತ್ತಮೂರು ಅಡಿಯ ಕಬ್ಬಿಣದ ಚೈನು. ಅದರಲ್ಲಿ ಹದಿನಾರು ಭಾಗ, ಒಂದೊಂದು ಭಾಗಕ್ಕೂ ‘ಆಣೆ’ ಎಂದು ಹೆಸರು. ಅದೇ ತಾನೆ ಸರ್ಕಾರ ಆಣೆಯನ್ನು ತೆಗೆದು ನಯಾಪೈಸೆ ತಂದಿತ್ತು. ಪೇಟೆಯಲ್ಲೆಲ್ಲ ಗೊಂದಲವೋ ಗೊಂದಲ. ನಮ್ಮ ಚೈನು ಮಾತ್ರ ಯಾರಿಗೂ ಸೊಪ್ಪು ಹಾಕದೆ ಹದಿನಾರಾಣೆಯಾಗಿಯೇ ಉಳಿದುಕೊಂಡಿತ್ತು.

ಚೈನಿನ ಜೊತೆಗೆ ನನ್ನ ಹತ್ತಿರ ಇದ್ದದ್ದು ಒಂದು ಕೊಡೆ. ನನ್ನ ಮಾವ ಗುಂಡ್ಲುಪೇಟೆಯವರು. ಅವರು ಮಲೆಯಾಳ ಸೀಮೆಯ ವ್ಯಾಪಾರಿಯೊಬ್ಬನಿಗೆ ಹೇಳಿ ಘಟ್ಟದ ಆಚೆಯಿಂದ ತರಿಸಿ, ಮದುವೆಯಲ್ಲಿ ನನ್ನ ಕೈಗಿಟ್ಟ ಕೊಡೆ ಅದು. ಬೆತ್ತದ ಹಿಡಿ, ಕಾಡಿಗೆಯಂಥ ಬಟ್ಟೆ, ಇಬ್ಬರು ನಿಲ್ಲಬಹುದಾದ ಅಗಲ. “ಏನು ಬೇಕಾದರೂ ಕಳೀರಿ, ನಮ್ಮಪ್ಪನ ಕೊಡೆ ಮಾತ್ರ ಕಳೀಬೇಡಿ” ಎಂದು ಹೆಂಡತಿ ಮೊದಲ ತಿಂಗಳೇ ಕಟ್ಟುನಿಟ್ಟು ಮಾಡಿದ್ದಳು. ಆಶ್ಚರ್ಯವೆಂದರೆ ಅದನ್ನು ನಾನು ಕಳೆದಿರಲಿಲ್ಲ. ಒಂದು ಕಡ್ಡಿ ಮುರಿದಾಗ ಪೇಟೆಬೀದಿಯ ಕೊಡೆ ರಿಪೇರಿ ಸಾಬರು ಅದನ್ನು ಬಿಡಿಸಿ ನೋಡಿ, “ಹೊಸಾ ಕಡ್ಡಿ ಹಾಕಿದೀನಿ ಸ್ವಾಮಿ. ಇನ್ನು ನಿಮ್ಗಿಂತ ಜಾಸ್ತಿ ದಿನಾ ಬಾಳ್ತದೆ ಇದು” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದರು.

ಒಂದು ಬೇಸಗೆ ಕುದೇರಿನ ಕಡೆಯ ಒಂದು ಹಳ್ಳಿಯಿಂದ ಅರ್ಜಿ ಬಂತು. ದೊಡ್ಡತಾಯಮ್ಮ ಎಂಬ ವಿಧವೆಯ ಹೊಲ ಪೂರ್ವಕ್ಕೆ, ಮಾದಪ್ಪನ ಹೊಲ ಪಶ್ಚಿಮಕ್ಕೆ. ನಡುವಿನ ಬದು ಯಾವುದೋ ವರ್ಷದ ಮಳೆಗೆ ಕೊಚ್ಚಿಹೋಗಿತ್ತು. ಆಮೇಲೆ ಇಬ್ಬರ ನೇಗಿಲೂ ತೋಚಿದಲ್ಲಿ ತಿರುಗಿಕೊಂಡು ಬಂದಿದ್ದವು. ಹೀಗಿರುವಾಗ ಮಾದಪ್ಪ ಗಡಿಯ ಹತ್ತಿರ ಬಾವಿ ತೋಡತೊಡಗಿದ್ದ. ಅವನೂ ಹೆಂಡತಿಯೂ ಒಂದೂವರೆ ವರ್ಷ ಸ್ವಂತ ಕೈಯಿಂದ ಅಗೆದು, ಮಣ್ಣು ಹೊತ್ತು, ಇನ್ನೇನು ನೀರಿನ ಪಸೆ ಕಂಡಿತು ಅನ್ನುವಾಗ ದೊಡ್ಡತಾಯಮ್ಮ “ಇದು ನನ್ ಒಲ ಕಣ್ಲಾ, ನಿಲ್ಸು” ಎಂದಳು. ಬಾವಿ ನಿಂತಿತು. ನೆರೆಹೊರೆಯಾಗಿ ಉಪ್ಪು ಮೆಣಸಿನಕಾಯಿ ಕಡ ತೆಗೆದುಕೊಂಡು ಬಾಳಿದವರ ಮಾತೂ ನಿಂತಿತು. ಕಲ್ಲು ಸಿಕ್ಕಿದರೆ ಬಾವಿ ಯಾರದೆಂದು ತೀರ್ಮಾನ, ಸಿಗದಿದ್ದರೆ ಆ ಗುಂಡಿ ಹಾಗೇ ಹಾಳು ಬೀಳಬೇಕು.

ನಾನು, ಚೈನು ಹಿಡಿಯುವ ನಂಜ, ಇಬ್ಬರೂ ಬಸ್ಸಿಳಿದು ನಡೆದು ಹೋದೆವು. ನಂಜನಿಗೆ ನನಗಿಂತ ವಯಸ್ಸೂ ಹೆಚ್ಚು, ಮೀಸೆಯೂ ಹೆಚ್ಚು. ಬಾವಿಯಿಂದ ಸ್ವಲ್ಪ ಆಚೆ, ಮಾದಪ್ಪನ ಹೊಲದೊಳಗೆ, ಒಂದು ದೊಡ್ಡ ಹುಣಸೆಮರವಿತ್ತು. ಅದರ ಬುಡದಲ್ಲಿ ಮೊಣಕಾಲೆತ್ತರದ ದೇವಿ. ಮೈತುಂಬ ಅರಿಸಿನ, ಹಣೆಗೆ ಕುಂಕುಮ, ಸೊಂಟಕ್ಕೆ ಕೆಂಪು ಕುಬುಸದ ಕಣ. ಹೆಸರು ನೆಳ್ಳಮ್ಮ, ಅಂದರೆ ನೆರಳಿನ ಅಮ್ಮ. ಬಿಸಿಲಲ್ಲಿ ಬಂದವನು ಚಪ್ಪಲಿ ಬಿಟ್ಟು, ಕೊಡೆ ಮಡಿಸಿ, ಮೂರು ಸುತ್ತು ಹಾಕಿ ಕೈಮುಗಿದು, ಗಟ್ಟಿಯಾಗಿಯೇ ಬೇಡಿಕೊಂಡೆ: “ತಾಯಿ, ಆ ಹಾಳು ಕಲ್ಲನ್ನು ಒಂದು ಸಲ ಕಣ್ಣಿಗೆ ತೋರಿಸು. ತೆಂಗಿನಕಾಯಿ ಒಡೆಯುತ್ತೇನೆ.” ಅಲ್ಲೇ ನಿಂತಿದ್ದ ದೊಡ್ಡತಾಯಮ್ಮನಿಗೆ ಸಂತೋಷವಾಯಿತು. ಮಾದಪ್ಪನಿಗೂ ಸಂತೋಷವಾಯಿತು. ಇಬ್ಬರೂ ಒಟ್ಟಿಗೆ ತಲೆಯಾಡಿಸಿ, ಒಟ್ಟಿಗೆ ತಲೆಯಾಡಿಸಿದ್ದಕ್ಕೆ ನಾಚಿಕೊಂಡು ಬೇರೆ ಬೇರೆ ದಿಕ್ಕಿಗೆ ನೋಡಿದರು.

ಪೂರ್ವದ ಮೂಲೆಯಲ್ಲಿ ಒಂದು ಕಲ್ಲು ನೆಟ್ಟಗೆ ಇತ್ತು. ಅಲ್ಲಿಂದ ಪಶ್ಚಿಮಕ್ಕೆ ಹನ್ನೆರಡು ಚೈನಿಗೆ ನಮ್ಮ ಕಲ್ಲು ಇರಬೇಕೆಂದು ನಕ್ಷೆ ಹೇಳುತ್ತಿತ್ತು. ಹನ್ನೆರಡು ಚೈನು ಎಳೆದೆವು. ಬಂದು ನಿಂತ ಜಾಗ ಯಾವುದು? ಬಾವಿಯ ಸರಿಯಾದ ನಡುಮಧ್ಯ! ಅಂದರೆ ಅರ್ಧ ಬಾವಿ ಅವನದು, ಅರ್ಧ ಅವಳದು. ಮಾದಪ್ಪ ತೋಡಿ ಗುಡ್ಡೆ ಹಾಕಿದ್ದ ಮಣ್ಣಿನ ಮೇಲೆ ಕುಕ್ಕರಿಸಿ ಕುಳಿತು, “ಅರ್ದ ಬಾವಿಲಿ ನಾನು ಅರ್ದ ಬಿಂದ್ಗೆ ಇಳಿಬುಡ್ಲಾ ಬುದ್ದಿ?” ಎಂದ. ದೊಡ್ಡತಾಯಮ್ಮನೂ ಖುಷಿಪಡಲಿಲ್ಲ. “ಕಲ್ಲು ತೋರ್ಸಿ, ಒಪ್ಕತೀನಿ. ಸರಪಳಿ ಮಾತು ನಂಗೆ ಬ್ಯಾಡ” ಎಂದಳು. ಸರಿ, ಸುತ್ತಮುತ್ತ ಅಗೆಸಿದೆ. ಒಂದು ದಿನ ಅಗೆಸಿದೆ, ಎರಡು ದಿನ ಅಗೆಸಿದೆ. ಪ್ರತಿ ಬೆಳಿಗ್ಗೆ ನೆಳ್ಳಮ್ಮನಿಗೆ ಮೂರು ಸುತ್ತು, ಮಧ್ಯಾಹ್ನ ಅವಳ ಪಕ್ಕದಲ್ಲೇ ಬುತ್ತಿ, ಊಟವಾದ ಮೇಲೆ ಅವಳ ಕಡೆಗೆ ಕಾಲು ಚಾಚದ ಹಾಗೆ ಎಚ್ಚರದಿಂದ ಒಂದು ಸಣ್ಣ ನಿದ್ದೆ. ಕಲ್ಲು ಮಾತ್ರ ಸಿಗಲಿಲ್ಲ.

ಮೂರನೆಯ ದಿನ ಅಮಾವಾಸ್ಯೆ. ದೊಡ್ಡತಾಯಮ್ಮ ಬಿಂದಿಗೆ ನೀರು ತಂದು ನೆಳ್ಳಮ್ಮನಿಗೆ ತಲೆಗೆ ಸ್ನಾನ ಮಾಡಿಸುತ್ತಿದ್ದಳು. ವರ್ಷಗಟ್ಟಲೆಯ ಅರಿಸಿನ ಹಳದಿ ಹೊಳೆಯಾಗಿ ಇಳಿಯಿತು. ಕರಿಕಲ್ಲಿನ ನೆತ್ತಿ ಕಂಡಿತು. ನೆತ್ತಿಯ ಮೇಲೆ ಉಳಿಯಿಂದ ಕೆತ್ತಿದ ಎರಡು ಗೀರು, ಒಂದನ್ನೊಂದು ಕತ್ತರಿಸಿಕೊಂಡು.

“ಅವ್ವಾ, ಅದೇನು ತಲೆ ಮೇಲೆ?”

“ಬೈತಲೆ ಕಣಪ್ಪ. ಅಮ್ಮಂಗೆ ಮೊದ್ಲಿಂದ್ಲೂ ಅದೆ” ಎಂದು ಆ ಗೀರಿಗೆ ಕುಂಕುಮ ತುಂಬತೊಡಗಿದಳು.

“ಅಯ್ಯೋ, ಅದು ಸರ್ವೆ ಗುರುತು! ಇದು ಸರ್ಕಾರದ ಬಾಂದುಕಲ್ಲು!” ಎಂದು ನಾನು ಕೂಗಿಕೊಂಡೆ.

ಅವಳು ಕುಂಕುಮದ ಬೆರಳೆತ್ತಿ ನನ್ನನ್ನೇ ನೋಡಿದಳು. “ಸರ್ಕಾರದ್ದಾದ್ರೆ ಸರ್ಕಾರ ಒಂದಿನಾನಾರ ಬಂದು ಅರಿಸ್ನ ಅಚ್ಚಿತ್ತಾ?”

ಇದಕ್ಕೆ ಇಲಾಖೆಯ ಯಾವ ಕೈಪಿಡಿಯಲ್ಲೂ ಉತ್ತರವಿಲ್ಲ. ಗದ್ದಲ ಕೇಳಿ ಮಾದಪ್ಪ ಓಡಿಬಂದ. ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ, ದೂರು ಎದುರಿಸುತ್ತಿರುವ ಆಸಾಮಿಯೇ ನಿರ್ಮಲ ಮನಸ್ಸಿನಿಂದ ಹೇಳಿದ: “ನಾನೇ ಒತ್ಕ ಬಂದೆ ಬುದ್ದಿ. ಈಯವ್ವನ ಮಗಳ್ಗೆ ಜರ ಬಂದು ಸಾಯಂಗಾಗಿತ್ತು. ಅಮ್ಮನ್ ತಲೆಗೆ ದಿನಾ ನೀರು ಉಯ್ದು ಉಯ್ದು ಮಗಾ ಉಳ್ಕತು. ಆಮ್ಯಾಕೆ, ‘ನಾವೆಲ್ಲ ನೆಳ್ಳಲ್ಲಿ, ಅಮ್ಮ ಮಾತ್ರ ಉರಿಬಿಸ್ಲಲ್ಲಿ ನಿಂತವಳಲ್ಲ ಮಾದಾ’ ಅಂತ ಈಯವ್ವ ಅತ್ತುಬುಡ್ತು. ನಂಗಾಗ ಬೆನ್ನು ಗಟ್ಟಿ ಇತ್ತು. ಕಿತ್ತು ಎಗ್ಲ ಮ್ಯಾಲೆ ಇಟ್ಕಂಡು ನಮ್ ಉಣಸೆಮರದ ತಾವ್ಕೆ ತಂದ್ಬುಟ್ಟೆ.”

“ಗಡಿಕಲ್ಲು ಕೀಳೋದು ಅಪರಾಧ ಅಂತ ಗೊತ್ತಿಲ್ಲವೇನಯ್ಯ?”

“ಕಲ್ಲು ಒತ್ತಿದ್ರೆ ಅಪರಾದ. ನಾನ್ ಒತ್ತಿದ್ದು ಅಮ್ಮನ್ನಲ್ವಾ?”

“ಮೂರು ದಿನದಿಂದ ಬಡ್ಕೋತಾ ಇದೀನಲ್ಲ, ಒಬ್ಬರಾದರೂ ಹೇಳಬಾರದಿತ್ತೆ?”

“ನೀವು ಕಲ್ಲೆಲ್ಲಿ ಅಂದ್ರಿ” ಎಂದಳು ದೊಡ್ಡತಾಯಮ್ಮ. “ಅಮ್ಮ ಎಲ್ಲಿದ್ದಳು ಅಂತ ಕೇಳುದ್ರಾ?”

ಉಪ್ಪಿನ ಮರಿಗೆಯ ಮೇಲೆ ಕೈಯೂರಿ ಉಪ್ಪು ಹುಡುಕುವವನಿಗೆ ಇದಕ್ಕಿಂತ ತಕ್ಕ ಶಾಸ್ತಿ ಇನ್ನೇನಿದೆ? ಅಷ್ಟರಲ್ಲಿ ನಂಜ ಮೀಸೆಯೊಳಗೇ ಒಂದು ಮಾತು ಹೇಳಿದ. “ಕಲ್ಲು ಇಲ್ಲಿ ಅದೆ ಅಂದ್ರೆ ಗಡಿನೂ ಇಲ್ಲೇ ಅದೆ. ಅಂಗಾರೆ ಈ ಮರ, ಆ ಬಾವಿ, ಎಲ್ಲಾ ನಿಂದೇ ಆಯ್ತಲ್ಲವ್ವೋ.” ಮಾತು ಸುಳ್ಳಲ್ಲ. ಕಲ್ಲು ತೋರಿಸಿದರೆ ಒಪ್ಪುತ್ತೇವೆಂದು ಇಬ್ಬರೂ ಹೆಬ್ಬೆಟ್ಟು ಒತ್ತಿದ್ದರು. ಅವಳು ‘ಅಮ್ಮ ಹುಟ್ಟಿದ್ದೇ ಇಲ್ಲಿ’ ಎಂದು ಒಂದು ಮಾತು ಹೇಳಿ ಕುಳಿತಿದ್ದರೆ, ಮಾದಪ್ಪನ ಮಾತಿಗೆ ಬೇರೆ ಸಾಕ್ಷಿಯಿರಲಿಲ್ಲ. ಮಾದಪ್ಪನ ಮುಖ ಬಿಳಚಿಕೊಂಡಿತು. ತಾನು ಏನು ಒಪ್ಪಿಕೊಂಡೆನೆಂದು ಅವನಿಗೆ ಆಗಷ್ಟೇ ಹೊಳೆದಂತಿತ್ತು.

ದೊಡ್ಡತಾಯಮ್ಮ ಖಾಲಿ ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡಳು. “ಅಮ್ಮನ್ ಎದ್ರುಗೆ ಸುಳ್ಳೇಳಕಾದದಾ? ಬನ್ನಿ” ಎಂದು ಹೊರಟಳು. ಬಾವಿಯನ್ನು ಬಳಸಿಕೊಂಡು, ಅದರ ಪೂರ್ವದ ಅಂಚನ್ನು ದಾಟಿ, ಬರೀ ಮಣ್ಣಿನ ಮೇಲೆ ಒಂದು ಕಡೆ ಗಕ್ಕನೆ ನಿಂತಳು. “ಇಲ್ಲಿ. ತಿಂಗಳುಗಟ್ಲೆ ಇಲ್ಲಿಗೆ ನೀರು ಒತ್ತಿವ್ನಿ, ನನ್ ಕಾಲ್ಗೆ ಗೊತ್ತು.” ಅವಳು ನಿಂತ ಜಾಗದ ಪ್ರಕಾರ ಇಡೀ ಬಾವಿ ಮಾದಪ್ಪನದು. ಅದು ಅವಳಿಗೂ ಗೊತ್ತಾಗುತ್ತಿತ್ತು, ಆದರೂ ಕಾಲು ಕದಲಿಸಲಿಲ್ಲ. ನಂಜ ಅಗೆದ. ಎರಡಡಿ ಕೆಳಗೆ ಮಣ್ಣು ಕಪ್ಪಗಾಗಿ ಇದ್ದಿಲು ಬಂತು. ಹಿಂದಿನವರು ಬಾಂದುಕಲ್ಲಿನ ಅಡಿಗೆ ಇದ್ದಿಲು ಹಾಕುತ್ತಿದ್ದರು, ಕಲ್ಲು ಹೋದರೂ ಅದು ಕೊಳೆಯದೆ ಗುರುತು ಹೇಳುತ್ತದೆಂದು. ಇದ್ದಿಲು ಕೈಗೆತ್ತಿಕೊಂಡಾಗ ನನ್ನ ಕಣ್ಣು ಒದ್ದೆಯಾಯಿತು. ಧೂಳಿಗೆ ಎಂದು ನಂಜನಿಗೆ ಹೇಳಿದೆ.

ಹಾಗಾದರೆ ನನ್ನ ಚೈನು ಒಂದು ಮಾರು ಆಚೆ ಹೋದದ್ದು ಹೇಗೆ? ಸಂಜೆ ಅಡಿಕೋಲು ಹಿಡಿದು ನೋಡಿದರೆ ಚೈನು ಹಳತಾಗಿ, ಕೊಂಡಿ ಸಡಿಲವಾಗಿ, ಅರ್ಧ ಅಡಿ ಜಗ್ಗಿಕೊಂಡಿತ್ತು; ಹನ್ನೆರಡು ಚೈನಿಗೆ ಆರಡಿ, ಅಲ್ಲಿಗೆ ಒಂದು ಮಾರು. ಕೆಲಸಕ್ಕೆ ಹೊರಡುವ ಮುಂಚೆ ಅದನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ಆ ನಿಯಮದ ಪುಸ್ತಕವನ್ನು ನಾನು ಎಲ್ಲಿಟ್ಟಿದ್ದೆನೋ ಸಿಕ್ಕಿರಲಿಲ್ಲ.

ಇನ್ನು ಹಳೆಯ ಕಲ್ಲನ್ನು ಹಳೆಯ ಜಾಗಕ್ಕೆ ತರಬೇಕು ಎಂದೆ. ಮಾತು ಬಿಟ್ಟಿದ್ದ ಇಬ್ಬರೂ ಒಂದೇ ಬಾಯಲ್ಲಿ ನನ್ನ ಮೇಲೆ ಬಿದ್ದರು. “ಅಮ್ಮನ್ನ ತಿರ್ಗಾ ಬಿಸ್ಲಿಗೆ ಎಳಿತೀರಾ?” ಎಂದು ಅವಳು. “ಮುಟ್ಟಿ ನೋಡನ!” ಎಂದು ಅವನು. ಕೊನೆಗೆ ಇದ್ದಿಲಿನ ಮೇಲೆ ಹೊಸ ಕಲ್ಲು ನೆಟ್ಟು, ‘ಹಳೆಯ ಕಲ್ಲು ಸ್ಥಳದಲ್ಲಿ ಕಂಡುಬರಲಿಲ್ಲ’ ಎಂದು ವರದಿ ಬರೆದೆ. ಅಕ್ಷರಶಃ ಸತ್ಯವೇ. ಮಾದಪ್ಪ, “ನೀರು ಬಂದ್ರೆ ಮೊದಲ್ನೆ ಬಿಂದ್ಗೆ ನಿಂದೇ ಕಣವ್ವ, ಅಮ್ಮನ್ ತಲೆಗೆ ಉಯ್ಯಕೆ” ಎಂದ. ಹೊರಡುವಾಗ ನಂಜ ನನ್ನ ಹರಕೆ ನೆನಪಿಸಿದ. “ತಾಯಿ ಕಲ್ಲು ತೋರ್ಸವ್ಳೆ, ಕಾಯಿ ಒಡೀರಿ. ಎದ್ರಿಗೇ ‘ಆಳು ಕಲ್ಲು’ ಅಂದಿದ್ರಲ್ಲ, ಅದ್ಕೊಂದು ತಪ್ಪುಗಾಯಿನೂ ಸೇರ್ಸಿ.” ಸರ್ಕಾರಿ ಆಸ್ತಿಯ ಮುಂದೆ ಸರ್ಕಾರಿ ನೌಕರ ಎರಡು ತೆಂಗಿನಕಾಯಿ ಒಡೆದು ಬಂದ.

ಮರುವರ್ಷ ಅದೇ ಬಿಸಿಲಲ್ಲಿ ಅದೇ ದಾರಿಯಲ್ಲಿ ಒಬ್ಬನೇ ಹೋಗಬೇಕಾಯಿತು. ಬಾವಿಯಲ್ಲಿ ನೀರಿತ್ತು. ದೊಡ್ಡತಾಯಮ್ಮ ಒಂದು ಬಿಂದಿಗೆಯನ್ನು ನೆಳ್ಳಮ್ಮನಿಗೆ ಹುಯ್ದು, ಇನ್ನೊಂದನ್ನು ತಂದು ನನ್ನ ಹೊಸ ಕಲ್ಲಿನ ತಲೆಗೆ ಹುಯ್ಯುತ್ತಿದ್ದಳು. ಅದಕ್ಕೂ ಆಗಲೇ ಅರಿಸಿನ ಬಿದ್ದಿತ್ತು. ನನ್ನ ಬೊಗಸೆಗೂ ನೀರು ಹುಯ್ದು, ಮೆತ್ತಗೆ ಕೇಳಿದಳು: “ಈ ಕೂಸ್ಗೂ ಬಿಸ್ಲಾಯ್ತದೆ ಕಣಪ್ಪ. ಒಸಿ ಆ ನೆಳ್ಳಿಗೆ ತಳ್ಳುದ್ರೆ ತಪ್ಪಾ? ಮಾದನೂ ಒತ್ತೀನಿ ಅಂದವ್ನೆ.”

“ಕೂಡದು!” ಎಂದು ಗುಡುಗಿದೆ. ಗಡಿಯ ಪಾವಿತ್ರ್ಯದ ಬಗ್ಗೆ ಒಂದು ಭಾಷಣವನ್ನೂ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಸೆರಗಿನಿಂದ ಕಲ್ಲಿನ ನೆತ್ತಿ ಒರೆಸಿ, “ಪಾಪ” ಎಂದಳು. ಗಡಿ ನೆರಳಿಗೆ ಹೋಗುವುದಕ್ಕಿಂತ ನೆರಳೇ ಗಡಿಗೆ ಬರುವುದು ಇಲಾಖೆಯ ಹಿತಕ್ಕೆ ಒಳ್ಳೆಯದೆಂದು ನನಗೆ ತೋಚಿತು. ಕೈಯಲ್ಲಿದ್ದ ಕೊಡೆಯನ್ನು ಬಿಚ್ಚಿದಂತೆಯೇ ಕಲ್ಲಿನ ಪಕ್ಕ ಗಟ್ಟಿಯಾಗಿ ನೆಟ್ಟು, ಬುಡಕ್ಕೆ ಮಣ್ಣು ತುಳಿದು, ತಲೆಗೆ ಟವೆಲು ಸುತ್ತಿಕೊಂಡು ಬಸ್ಸಿಗೆ ನಡೆದೆ. ಮಾವನವರು ನೆನಪಾದದ್ದು ಬಸ್ಸು ಹತ್ತಿದ ಮೇಲೆ.

“ಕೊಡೆ ಎಲ್ಲಿ?” ಎಂದಳು ಹೆಂಡತಿ, ನಾನು ಹೊಸ್ತಿಲು ದಾಟುವ ಮುಂಚೆಯೇ.

ಜೀವನದಲ್ಲಿ ಮೊದಲ ಬಾರಿಗೆ ಒಂದು ವಸ್ತು ಎಲ್ಲಿದೆಯೆಂದು ನನಗೆ ಸರಿಯಾಗಿ ಗೊತ್ತಿತ್ತು. ಪೂರ್ವದ ಕಲ್ಲಿನಿಂದ ಪಶ್ಚಿಮಕ್ಕೆ ಹನ್ನೆರಡು ಚೈನು, ಇದ್ದಿಲಿನ ನೇರ ಮೇಲೆ, ಬಾವಿಯ ಅಂಚಿಗೆ. “ಎಲ್ಲೋ ಕಳೆದುಹೋಯಿತು ಕಣೆ. ಎಷ್ಟು ಹುಡುಕಿದರೂ ಸಿಗಲಿಲ್ಲ” ಎಂದೆ.

ಅವಳು ಬಯ್ಯಲಿಲ್ಲ. ಹತ್ತಿರ ಬಂದು ನನ್ನ ಮುಖವನ್ನೇ ನೋಡಿದಳು.

“ನೀವು ನಿಜವಾಗಿ ಏನಾದರೂ ಕಳೆದುಕೊಂಡು ಬಂದ ದಿನ ಮುಖ ಹೀಗಿರೋದಿಲ್ಲ” ಎಂದಳು. “ಕೈಕಾಲು ತೊಳೆದು ಬನ್ನಿ. ಯಾರಿಗೆ ಕೊಟ್ಟಿರಿ ಅಂತ ಊಟ ಮಾಡ್ತಾ ಹೇಳುವಿರಂತೆ.”