ಊದುಬತ್ತಿ ಮಾವನ ಭಾರಿ ವ್ಯಾಪಾರ

ಗುಜರಾತಿನಲ್ಲಿ ಇದ್ದುಕೊಂಡು ವ್ಯಾಪಾರದಲ್ಲಿ ಸೋಲುವುದಕ್ಕೆ ಅಸಾಮಾನ್ಯ ಪ್ರತಿಭೆ ಬೇಕು. ನಮ್ಮ ಸೋದರಮಾವನಿಗೆ ಅದು ಹೇರಳವಾಗಿತ್ತು!

ಅರವತ್ತರ ದಶಕದ ಕೊನೆಯಲ್ಲಿ ನಾನು ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ಬರೋಡಕ್ಕೆ ಹೋಗಿ ಮಾವನ ಮನೆಯಲ್ಲೇ ಇಳಿದುಕೊಂಡೆ. ಅಷ್ಟರಲ್ಲಿ ಮಾವ ರೈಲ್ವೆಯ ಕಾಯಂ ನೌಕರಿಗೆ ಕೈಮುಗಿದು ಊದುಬತ್ತಿ ವ್ಯಾಪಾರಕ್ಕೆ ಇಳಿದಿದ್ದರು. ಹಿಂದಿನ ಕೋಣೆಯಲ್ಲಿ ತಾವೇ ಗಂಧದ ಪುಡಿ, ಸಾಂಬ್ರಾಣಿ, ಲಾವಂಚ ಕಲಸಿ ಬತ್ತಿ ಹೊಸೆಯುವರು. ಒಂದು ವಾರ ಅಹಮದಾಬಾದಿಗೆ, ಒಂದು ವಾರ ಸೂರತ್ತಿಗೆ ಚೀಲ ಹೊತ್ತು ಹೊರಟು, ಸಂಜೆಗೆ ಮರಳಿ ಹೊಸದೊಂದು ಬತ್ತಿ ಹಚ್ಚುವರು. ರೈಲಿನಲ್ಲಿ ಕಿಟಕಿ ಸಿಕ್ಕರೆ ಸಾಕು, ಕಣ್ಣು ಅರೆಮುಚ್ಚಿ ಯಾವುದೋ ಲೋಕಕ್ಕೆ ಹೋಗಿಬಿಡುವರು. ಸೂರತ್ತಿನಲ್ಲಿ ಇಳಿಯಬೇಕಾದವರು ಎಷ್ಟೋ ಸಲ ವಲ್ಸಾಡ್ ತಲುಪಿದ್ದುಂಟು. ಕೇಳಿದರೆ, “ಅಲ್ಲಿ ಗಾಳಿ ಬಹಳ ಚೆನ್ನಾಗಿದೆ ಕಣೋ,” ಎನ್ನುವರು.

ಒಂದು ಭಾನುವಾರ ನಾನೂ ಅಹಮದಾಬಾದಿಗೆ ಜೊತೆಯಲ್ಲಿ ಹೋದೆ. ಹಳೇ ಊರಿನ ಓಣಿಯೊಂದರಲ್ಲಿ ಗೃಹಿಣಿಯೊಬ್ಬರು ಬಾಗಿಲು ತೆರೆದು ಎರಡು ಕಟ್ಟು ಕೇಳಿದರು. ಮಾವ ಹೊಸ್ತಿಲಲ್ಲೇ ನಿಂತು ದೀರ್ಘವಾಗಿ ಉಸಿರೆಳೆದರು. ಒಳಗೆ ಯಾರೋ ತುಪ್ಪದಲ್ಲಿ ಗೋಧಿಹಿಟ್ಟು ಹುರಿಯುತ್ತಿದ್ದರು.

“ಬೆಹೆನ್‌ಜೀ, ಇಂಥ ಘಮ ಇರೋ ಮನೆಗೆ ಬತ್ತಿ ಬೇಡ,” ಎಂದರು ತಮ್ಮ ಹರಕುಮುರುಕು ಹಿಂದಿಯಲ್ಲಿ.

ಆಕೆಗೆ ಎಷ್ಟು ಸಂತೋಷವಾಯಿತೆಂದರೆ ನಮ್ಮಿಬ್ಬರನ್ನೂ ಕೂರಿಸಿ ಆ ಹಿಟ್ಟಿಗೆ ಬೆಲ್ಲ ಬೆರೆಸಿದ ಬಿಸಿ ಬಿಸಿ ಸುಖಡಿ ತಿನ್ನಿಸಿದರು. ಬತ್ತಿ ಮಾತ್ರ ಕೊಳ್ಳಲಿಲ್ಲ.

“ಇದೂ ಒಂದು ವ್ಯಾಪಾರವೇ ಮಾವ?” ಎಂದೆ.

“ಯಾಕೆ? ಗಿರಾಕಿಗೆ ತೃಪ್ತಿಯಾಯ್ತು, ನಮಗೆ ಹೊಟ್ಟೆ ತುಂಬಿತು.”

ಇಂಥವರನ್ನು ಲಕ್ಷ್ಮಿಯೇ ಹುಡುಕಿಕೊಂಡು ಬಂದಳೆಂದರೆ ನಂಬುತ್ತೀರಾ? ಬಂದಳು! ಸೂರತ್ತಿನ ಸೀರೆ ಅಂಗಡಿಯ ಸೇಠರು ಮಾವನ ಚೀಲದಿಂದ ಚೀಟಿ ಅಂಟಿಸದ ಕಟ್ಟೊಂದನ್ನು ಎಳೆದು, ಒಂದು ಕಡ್ಡಿ ಹಚ್ಚಿದರು. ಗಂಜಿ, ಬಣ್ಣಗಳ ವಾಸನೆಯ ನಡುವೆ, ಈಗಷ್ಟೇ ನೀರು ಚಿಮುಕಿಸಿದ ಅಂಗಳದ ಹಾಗೆ ಏನೋ ಮೆಲ್ಲಗೆ ಎದ್ದಿತು. ಸೀರೆ ಆರಿಸುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು.

“ಆ ಶೂಂ ಛೇ, ಭಾಯ್?” ಎಂದರು ಸೇಠರು. ಇದೇನಪ್ಪಾ ಇದು, ಎಂದು.

ವಾರದೊಳಗೆ ಅವರ ಪತ್ರ ಬಂತು. ಅಹಮದಾಬಾದಿನ ಪಕ್ಕದ ವಟ್ವಾದಲ್ಲಿ ಕಾರ್ಖಾನೆ, ಮಾವ ಸಮಪಾಲುದಾರರು, ಇದೊಂದೇ ಪರಿಮಳ, ದೇಶಕ್ಕೆಲ್ಲ. ನಾನು ಮನಸ್ಸಿನಲ್ಲೇ ಮಾವನನ್ನು ಮೋಟಾರಿನಲ್ಲಿ ಕೂರಿಸಿ ಅರ್ಧ ಗುಜರಾತು ಸುತ್ತಿಸಿದೆ. ಮಾವ “ಆಗುವುದಿಲ್ಲ, ಕ್ಷಮಿಸಿ” ಎಂದು ಒಂದು ಕಾರ್ಡು ಬರೆದು ಹಾಕಿಬಿಟ್ಟರು.

ಸಿಟ್ಟಿನಿಂದ ಅಡುಗೆಮನೆಗೆ ಹೋಗಿ ಅತ್ತೆಗೆ ದೂರು ಹೇಳಿದೆ. ಹುರುಳಿಕಾಯಿ ಹೆಚ್ಚುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

“ನಿನಗೆ ಯಾರೂ ಹೇಳಿಲ್ಲ ಅಲ್ವಾ? ನಾಲ್ಕು ವರ್ಷದ ಹಿಂದೆ ಜ್ವರ ಬಂದು ನನಗೆ ವಾಸನೆ ಅನ್ನೋದೇ ಹೋಯ್ತು. ಹಾಲು ಸೀದರೂ ತಿಳಿಯೋಲ್ಲ, ಹೂ ಮುಡಿದರೂ ತಿಳಿಯೋಲ್ಲ. ಅದೇ ವರ್ಷ ಇವರು ರೈಲ್ವೆ ಬಿಟ್ಟರು. ದಿನಾ ಸಂಜೆ ಒಂದು ಹೊಸಾದು ಕಲಸಿ ಹಚ್ತಾರಲ್ಲ, ಅದು ದೇವರಿಗಲ್ಲ ಕಣೋ, ನನಗೆ.”

“ಸೇಠರು ಮೆಚ್ಚಿದ್ದು?”

“ಅದೂ ನನಗೆ ಬರಲಿಲ್ಲ. ಜನ್ಮಪೂರ್ತಿ ಅದೊಂದನ್ನೇ ಹೊಸೀತಾ ಕೂತರೆ ನಿನ್ನದನ್ನ ಹುಡುಕೋದು ಯಾವಾಗ, ಅಂದರು ಇವರು.”

ಅಷ್ಟರಲ್ಲಿ ಮಾವ ಹಸಿ ಆರದ ಬತ್ತಿಯೊಂದನ್ನು ಹೇಗೋ ಹೊತ್ತಿಸಿಕೊಂಡು ಒಳಗೆ ಬಂದರು. ಇಳಿಬಿಸಿಲಿನಲ್ಲಿ ಹೊಗೆ ನಿಧಾನವಾಗಿ ಬಿಚ್ಚಿಕೊಂಡಿತು. ಅತ್ತೆ ಈಳಿಗೆ ಮಣೆ ಸರಿಸಿ, ಕಣ್ಣು ಮುಚ್ಚಿ ಉಸಿರೆಳೆದರು.

“ಬಂತೇನೇ?”

“ಇಲ್ಲಾರೀ.”

“ಇರಲಿ, ನಾಳೆ ನೋಡೋಣ,” ಎಂದು ಮಾವ ನನ್ನ ಕಡೆ ತಿರುಗಿದರು. “ನಿನಗೇನಾದರೂ ಬಂತೇನೋ?”

ಅಂಥ ಪರಿಮಳವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ನನಗೂ ಬರಲಿಲ್ಲ ಮಾವ,” ಎಂದೆ.