ಡಿಕ್ಕಿಯಲ್ಲಿ ಅರ್ಧ ಡಾಕ್ಟರು

"ಇನ್ನು ಹತ್ತು ವರ್ಷ ಈ ಗಾಡಿಗೆ ನಾನೇ ವೈದ್ಯ! ಮೆಕ್ಯಾನಿಕ್ ಅನ್ನೋ ಪ್ರಾಣಿ ಇದರ ಬಾನೆಟ್ ಮುಟ್ಟಕೂಡದು!"

ಭಾನುವಾರ ಸಂಜೆ ಹಲ್ಲಿನ ಡಾಕ್ಟರು ಹೀಗೆ ಗುಡುಗಿದಾಗ ಅವರ ಮೂಗಿನ ಮೇಲೆ ಗ್ರೀಸ್ ಇತ್ತು, ಕೈಯಲ್ಲಿ ಕ್ಲಿನಿಕ್ಕಿನ ಪುಟ್ಟ ಕನ್ನಡಿ ಇತ್ತು. ಗಾಡಿಗೆ ಹದಿನೇಳು ವರ್ಷ. ಹೈಬ್ರಿಡ್ ಮಹಾರಾಯ! ಪೆಟ್ರೋಲಿನಲ್ಲೂ ಓಡುತ್ತದೆ, ಕರೆಂಟಿನಲ್ಲೂ ಓಡುತ್ತದೆ. ಮನಸ್ಸಿಲ್ಲದಿದ್ದರೆ ಎರಡನ್ನೂ ಬಿಟ್ಟು ನಡುರಸ್ತೆಯಲ್ಲಿ ಕೂರುತ್ತದೆ. ಅದರ ದೊಡ್ಡ ಬ್ಯಾಟರಿಯ ಇಪ್ಪತ್ತೆಂಟು ತುಂಡುಗಳಲ್ಲಿ ಕೆಟ್ಟ ಎರಡನ್ನು ಡಾಕ್ಟರು ಅಂದು ತಾವೇ ಕಿತ್ತು ಬದಲಾಯಿಸಿದ್ದರು.

"ಹುಳುಕು ಹಲ್ಲು ಎರಡಿದ್ರೆ ಎರಡೇ ಕೀಳಬೇಕು ಕಣೇ. ಯಾರಾದ್ರೂ ದವಡೇನೇ ಬದಲಾಯಿಸ್ತಾರಾ?"

ಹೆಂಡತಿ ತನ್ನ ಸರ್ಟಿಫಿಕೇಟುಗಳನ್ನು ಫೈಲಿಗೆ ಜೋಡಿಸುತ್ತಿದ್ದಳು. ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ ಟೀಚರ್ ಆಕೆ. ಮರುದಿನ ಹತ್ತಕ್ಕೆ ಮುಖ್ಯೋಪಾಧ್ಯಾಯಿನಿ ಹುದ್ದೆಗೆ ಸಂದರ್ಶನ. ಎರಡು ಸಲ ಕೈತಪ್ಪಿದ ಹುದ್ದೆ. ಈ ಸಲ ತಪ್ಪಿದರೆ ಮತ್ತೆ ಕೇಳುವ ವಯಸ್ಸೇ ಇರುವುದಿಲ್ಲ.

"ನಾಳೆ ನಾನು ಟ್ಯಾಕ್ಸೀಲಿ ಹೋಗ್ತೀನಿ ರೀ."

"ಮನೇಲಿ ಇಂಥಾ ಗಾಡಿ ಇಟ್ಕೊಂಡು ಟ್ಯಾಕ್ಸಿನಾ? ನನ್ನ ಮರ್ಯಾದೆ ಏನಾಗ್ಬೇಕು!"

"ಸರಿ. ನಾಳೆ ಕೈಕೊಟ್ರೆ ನಾಡಿದ್ದು ಗಾಡಿ ಗುಜರಿಗೆ. ಒಪ್ಪಿಗೆನಾ?"

"ಒಪ್ಪಿಗೆ!" ಎಂದರು ಡಾಕ್ಟರು. ಮರೆತುಹೋಗದಿರಲಿ ಎಂದು ಆಕೆಯ ಸರ್ಟಿಫಿಕೇಟುಗಳ ಫೈಲನ್ನು ಆಗಲೇ ಒಯ್ದು ಡಿಕ್ಕಿಯಲ್ಲಿಟ್ಟು ಮುಚ್ಚಿದರು. ಎಂಥ ಮುಂದಾಲೋಚನೆ!

ಸೋಮವಾರ ಎಂಟೂವರೆಗೆ ಗುಂಡಿ ಒತ್ತಿದರು. ಸದ್ದೇ ಇಲ್ಲ. ಸದ್ದಿಲ್ಲದೆ ಹೊರಡುವುದೇ ಈ ಗಾಡಿಯ ಹೆಚ್ಚುಗಾರಿಕೆ. ಆದ್ದರಿಂದ ಅರ್ಧ ನಿಮಿಷ ಡಾಕ್ಟರು ಸಂತೋಷವಾಗಿಯೇ ಕೂತಿದ್ದರು. ಆಮೇಲೆ ನೋಡಿದರೆ ಒಂದು ದೀಪವೂ ಉರಿಯುತ್ತಿಲ್ಲ. ಹೊಸ ಬ್ಯಾಟರಿ ತುಂಡುಗಳ ಅಂಕಿಸಂಖ್ಯೆ ನೋಡಿ ಆನಂದಿಸಲು ನಿನ್ನೆ ಗಾಡಿಗೆ ಒಂದು ಯಂತ್ರ ಸಿಕ್ಕಿಸಿ, ಅದನ್ನು ತೆಗೆಯಲು ಮರೆತಿದ್ದರು. ಅದು ಗಾಡಿಯ ದೀಪ, ಬೀಗ, ಗುಂಡಿಗಳಿಗೆ ಕರೆಂಟು ಕೊಡುವ ಸಣ್ಣ ಬ್ಯಾಟರಿಯನ್ನು ಹೀರಿ ಹಿಪ್ಪೆ ಮಾಡಿತ್ತು.

ಸಣ್ಣ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಡಿಕ್ಕಿ ತೆರೆಯುವುದು ಕರೆಂಟಿನಲ್ಲಿ. ಕರೆಂಟು ಬರಬೇಕಾದ್ದು ಸಣ್ಣ ಬ್ಯಾಟರಿಯಿಂದ!

"ಏನಾಯ್ತು?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಏನಿಲ್ಲ, ಗಾಡಿ ಸ್ವಲ್ಪ ಯೋಚನೆ ಮಾಡ್ತಾ ಇದೆ."

"ಅದು ಯೋಚನೆ ಮಾಡ್ಲಿ. ನಾನು ಟ್ಯಾಕ್ಸಿ ಕರೀತೀನಿ, ಫೈಲ್ ಕೊಡಿ."

ಫೈಲ್ ಇರುವುದು ಡಿಕ್ಕಿಯಲ್ಲಿ! ಹಿಂದಿನ ಸೀಟಿನ ಒಂದು ತುಂಡು ಮಡಚಿದರೆ ಡಿಕ್ಕಿಯೊಳಕ್ಕೆ ಒಂದು ಕಿಂಡಿಯಿದೆ. ಡಾಕ್ಟರು ಅದರಲ್ಲಿ ನುಗ್ಗಿದರು. ತಲೆ ಹೋಯಿತು, ತೋಳು ಹೋದವು, ಹೊಟ್ಟೆ ನಿಂತಿತು! ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು.

"ಫೈಲ್ ಸಿಕ್ತು ಕಣೇ!"

"ಕೊಡಿ ಮತ್ತೆ!"

"ಕೊಡೋಕೆ ಜಾಗ ಇಲ್ಲ. ಜಾಗದಲ್ಲಿ ನಾನಿದ್ದೀನಿ."

ಹೆಂಡತಿಗೆ ಕಾಣುತ್ತಿದ್ದದ್ದು ಎರಡು ಕಾಲು, ಅವುಗಳಿಗೆ ಬೇರೆ ಬೇರೆ ಬಣ್ಣದ ಕಾಲುಚೀಲ. ಆಕೆ ಆ ಕಾಲುಗಳನ್ನೇ ಕೇಳಿದಳು: "ಡಿಕ್ಕಿಗೆ ಒಳಗಿಂದ ತೆರೆಯೋ ಹಿಡಿ ಇರತ್ತಲ್ಲ?"

"ಇತ್ತು. ಗಡಗಡ ಅಂತಿತ್ತು. ಹೋದ ತಿಂಗಳು ನಾನೇ ಕಿತ್ತೆ."

ಟ್ಯಾಕ್ಸಿ ಬಂದು ಹಾರ್ನ್ ಹೊಡೆಯಿತು. ಗಂಟೆ ಒಂಬತ್ತೂ ಹತ್ತು. ಅಷ್ಟರಲ್ಲಿ ದವಡೆ ಊದಿಸಿಕೊಂಡ ರೋಗಿಯೊಬ್ಬರೂ ಬಂದರು. ಕ್ಲಿನಿಕ್ಕು ಮನೆಯ ಮುಂಭಾಗದಲ್ಲೇ ಇತ್ತು. "ದಾಕ್ತ್ರು ಎಲ್ಲಿ?" ಎಂದರು. ಹೆಂಡತಿ ಕಾಲು ತೋರಿಸಿದಳು.

ಕತ್ತಲಲ್ಲಿ ಫೈಲನ್ನು ಎದೆಗವಚಿಕೊಂಡ ಡಾಕ್ಟರಿಗೆ ಈಗ ಗಾಡಿಯ ಚಿಂತೆ ಹೋಗಿತ್ತು. ಇವಳ ಇಪ್ಪತ್ತೆರಡು ವರ್ಷವನ್ನು ನಾನು ಹೊಟ್ಟೆಯಿಂದ ತಡೆದು ನಿಲ್ಲಿಸಿದೆನಲ್ಲಾ ಎಂದು ನಿಜಕ್ಕೂ ಅಳು ಬಂತು.

ಹೊರಗೆ ಬಾನೆಟ್ ತೆರೆದ ಸದ್ದು, ಹಿಂದೆಯೇ ಹೆಂಡತಿಯ ದನಿ. "ಅಣ್ಣಾ, ನಿಮ್ಮ ಟ್ಯಾಕ್ಸೀಲಿ ಬ್ಯಾಟರಿ ವಯರ್ ಇದೆಯಾ? ಆ ಫ್ಯೂಸ್ ಪೆಟ್ಟಿಗೇಲಿ ಕೆಂಪು ಮುಚ್ಚಳ ತೆಗೀರಿ. ಹ್ಞಾ, ಅಲ್ಲಿಗೆ ಒಂದು ತುದಿ. ಇನ್ನೊಂದು ಈ ಕಬ್ಬಿಣಕ್ಕೆ. ಈಗ ಡಿಕ್ಕಿ ಗುಂಡಿ ಒತ್ತಿ ನೋಡ್ತೀನಿ."

ಟಕ್! ಡಿಕ್ಕಿ ತೆರೆಯಿತು. ಬೆಳಕಿನಲ್ಲಿ ಹೆಂಡತಿಯ ಮುಖ.

"ನಿಂಗೆ... ಇದೆಲ್ಲಾ ಹೇಗೆ ಗೊತ್ತು?"

"ಗಾಡಿಯ ಪುಸ್ತಕದಲ್ಲಿದೆ. ನೀವು ದಾರೀಲಿ ಬಾನೆಟ್ ಎತ್ತಿಕೊಂಡು ನಿಂತಾಗಲೆಲ್ಲ ನಂಗೆ ಓದೋಕೆ ಬೇರೆ ಏನಿತ್ತು?" ಫೈಲ್ ಕಸಿದುಕೊಂಡು ಟ್ಯಾಕ್ಸಿ ಹತ್ತಿದಳು. "ಡಿಕ್ಕಿ ತೆರೆದೇ ಇರ್ಲಿ, ಗಾಳಿ ಬರತ್ತೆ!"

ಡಾಕ್ಟರನ್ನು ಹೊರಗೆಳೆದದ್ದು ಆ ರೋಗಿ. ಕಾಲು ಹಿಡಿದು, "ಸ್ವಲ್ಪ ನೋವಾಗತ್ತೆ ದಾಕ್ತ್ರೇ, ಅಲ್ಲಾಡಬೇಡಿ" ಎಂದರು. ಎಷ್ಟು ವರ್ಷದ ಸೇಡೋ!

ಸಂಜೆ ಐದಕ್ಕೆ ಹೊಸ ಮುಖ್ಯೋಪಾಧ್ಯಾಯಿನಿ ಮನೆಗೆ ಬಂದಳು. ಡಾಕ್ಟರು ಕೈಕಟ್ಟಿಕೊಂಡು ಎದ್ದು ನಿಂತರು.

"ನಾಳೆ... ಗುಜರಿಗೆ ಕಳಿಸ್ತೀಯಾ?"

"ಗಾಡಿದೇನೂ ತಪ್ಪಿಲ್ಲ. ಗುಜರಿಯವನಿಗೆ ಫೋನ್ ಮಾಡಿ ನಿಮ್ಮ ವಿಷಯ ಕೇಳಿದೆ. ಬೇಡವಂತೆ."

ಅವರ ಸ್ಪ್ಯಾನರನ್ನು ತನ್ನ ಚೀಲಕ್ಕೆ ಹಾಕಿಕೊಂಡು ಗಾಡಿಯ ಪುಸ್ತಕವನ್ನು ಅವರ ಮುಂದಿಟ್ಟಳು. "ಒಂದನೇ ಅಧ್ಯಾಯ, ಭಾನುವಾರದೊಳಗೆ. ಪ್ರಶ್ನೆ ಕೇಳ್ತೀನಿ. ಪಾಸಾದ್ರೆ ಸ್ಪ್ಯಾನರ್ ವಾಪಸ್."