ಮುಚ್ಚಳ ಮುಚ್ಚುವ ಕುಕ್ಕರ್

ಹೊಸ ರೈಸ್ ಕುಕ್ಕರಿನ ಮುಚ್ಚಳ ಟಕ್ಕೆಂದು ಕೂರಬೇಕಿತ್ತು. ಅದು ಕೂತಂತೆ ಮಾಡಿ, ಅನ್ನ ಅರ್ಧ ಬೇಯುವ ಹೊತ್ತಿಗೆ ಬಸ್ಸಿನಲ್ಲಿ ನಿದ್ದೆ ಹೋದವರ ಹಾಗೆ ಬಾಯಿ ತೆರೆಯುತ್ತಿತ್ತು. ಶನಿವಾರ ಬೆಳಿಗ್ಗೆ ಮಿನೋಬೆ ಗಟ್ಟಿ ಅಗುಳುಗಳನ್ನು ಅಗಿಯುತ್ತ, "ಇವತ್ತು ಅಂಗಡಿಗೆ ಹೋಗಿ ಬದಲಾಯಿಸ್ಕೊಂಡೇ ಬರ್ತೀನಿ," ಎಂದ.

"ಹೋದ್ಸಲ ಷರಟು ಬದಲಾಯಿಸೋಕೆ ಹೋಗಿ, ಅಂಥದ್ದೇ ಇನ್ನೊಂದು ಕೊಂಡ್ಕೊಂಡು ಬಂದ್ರಿ," ಎಂದಳು ಹೆಂಡತಿ ಕಾಯೊ.

"ಅದು ಷರಟು."

"ಹೂಂ. ಇದು ಇನ್ನೂ ಭಾರ."

ಮಿನೋಬೆ ಕುಮಾಮೊತೊ ನಗರದ ಲೆನ್ಸ್ ಕಾರ್ಖಾನೆಯೊಂದರಲ್ಲಿ ಪರೀಕ್ಷಕ. ಕಣ್ಣಿಗೆ ಕಾಣದ ಗೀರನ್ನೂ ಹಿಡಿಯಬಲ್ಲ. ಗೀರಿದೆ ಎಂದು ಎದುರಿಗಿದ್ದವರಿಗೆ ಹೇಳುವುದೊಂದೇ ಅವನಿಂದಾಗದು. ಕಾರ್ಖಾನೆಯಲ್ಲಿ ಕೆಂಪು ಚೀಟಿ ಅಂಟಿಸಿದರೆ ಮುಗಿಯಿತು. ಅಂಗಡಿಯಲ್ಲಿ ಬಾಯಿ ಬೇಕು. ಟ್ರಾಮಿನಲ್ಲಿ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಮನಸ್ಸು ಗಟ್ಟಿಮಾಡಿಕೊಂಡ: ಕೋಪ ಬೇಡ, ಏರುದನಿ ಬೇಡ, ಹಿಂದೆ ಸರಿಯುವುದೂ ಬೇಡ. ಇವತ್ತು ಸೋತು ಬಂದರೆ ಮನೆಯಲ್ಲಿ ತನ್ನ ಮಾತಿಗೆ ಮತ್ತೆ ಬೆಲೆಯಿಲ್ಲ.

ಅಂಗಡಿಯ ಹುಡುಗಿ ಅವನ ಮಾತನ್ನು ಪೂರ್ತಿ ಕೇಳಿ, ಬಾಗಿ ಕ್ಷಮೆ ಕೇಳಿ, ವಿಭಾಗದ ಮುಖ್ಯಸ್ಥನನ್ನು ಕರೆದಳು. ಅವನಿಗೂ ಎಲ್ಲ ಮೊದಲಿನಿಂದ ಹೇಳಬೇಕಾಯಿತು. ಅವನು ಇನ್ನೂ ಕೆಳಗೆ ಬಾಗಿ ಮ್ಯಾನೇಜರ್ ಕುನಿಮೋತೊನನ್ನು ಕರೆದ. ಬಾಗುವ ಕೋನ ಹುದ್ದೆಯೊಂದಿಗೆ ಹೆಚ್ಚುತ್ತ ಹೋಗಿ, ಕುನಿಮೋತೊನಲ್ಲಿ ಬಡಗಿಯ ಮೂಲೆಮಟ್ಟದಷ್ಟು ಕರಾರುವಾಕ್ಕಾಯಿತು. ಕುಕ್ಕರಿನ ಮುಚ್ಚಳ ಮಾತ್ರ ಎಲ್ಲರ ಮುಂದೆ ಆಕಳಿಸುತ್ತಿತ್ತು.

ಈರುಳ್ಳಿ ದಂಟಿನ ಚೀಲ ಹಿಡಿದು ಬಂದ ಪಕ್ಕದ ಮನೆಯ ತನಬೆ ಅಮ್ಮ ಅಲ್ಲೇ ನಿಂತರು.

"ಏನ್ ಮಿನೋಬೆ ಅವರೇ, ಇಷ್ಟು ಜನರನ್ನ ಬಗ್ಗಿಸಿ ನಿಲ್ಲಿಸಿದೀರಿ."

"ನಾನು ಬಗ್ಗಿಸಿಲ್ಲಮ್ಮ. ಅವರಾಗೇ ಬಗ್ಗಿದಾರೆ."

"ಬಗ್ಗಿಸೋರೆಲ್ಲ ಹಾಗೇ ಹೇಳೋದು."

ಕುನಿಮೋತೊ ನೆಲ ನೋಡುತ್ತಲೇ ಹೇಳಿದ: "ಸಂಜೆ ನಾವೇ ಹೊಸದನ್ನ ಮನೆಗೆ ತಂದು, ಕ್ಷಮೆ ಕೇಳ್ತೀವಿ."

"ಅದೆಲ್ಲ ಬೇಡಿ. ನಾನೇ ಎತ್ಕೊಂಡು ಹೋಗ್ತೀನಿ."

"ನಿಮ್ಮದು ದೊಡ್ಡ ಮನಸ್ಸು. ಆದ್ರೂ ನಾವೇ ಬರ್ತೀವಿ."

ನಮ್ಮ ಜಪಾನಿನಲ್ಲಿ ಮೊದಲ 'ಬೇಡ' ಬರೀ ಮರ್ಯಾದೆ, ಎರಡನೆಯದು ಸಂಕೋಚ; ಮೂರನೆಯದನ್ನು ಕೇಳಿದವರು ಇನ್ನಷ್ಟು ಒತ್ತಾಯ ಮಾಡುತ್ತಾರೆ. ಮಿನೋಬೆ ಅಲ್ಲಿದ್ದ ಕುರ್ಚಿಯೊಂದನ್ನು ಎಳೆದುಕೊಂಡ.

"ನೋಡಿ, ನನಗೆ ಕ್ಷಮೆ ಬೇಡ. ಮುಚ್ಚಳ ಮುಚ್ಚೋ ಕುಕ್ಕರ್ ಬೇಕು. ಅಗೋ, ಅಲ್ಲೇ ಜೋಡಿಸಿಟ್ಟಿದೀರಿ. ಅದು ಕೈಗೆ ಬರೋವರೆಗೂ ಇಲ್ಲೇ ಕೂತಿರ್ತೀನಿ. ತೊಂದ್ರೆ ಆದ್ರೆ ದಯವಿಟ್ಟು ಕ್ಷಮಿಸಿ."

ಕೂತೇ ಬಿಟ್ಟ. ಅವರು ಕೊಟ್ಟ ಚಹಾ ಕುಡಿದ, ಜಾಗ ಬಿಡಲಿಲ್ಲ. ಕೊನೆಗೆ ಹೊಸ ಕುಕ್ಕರ್ ಬಂತು. ಮುಚ್ಚಳವನ್ನು ತಾನೇ ಒತ್ತಿ ನೋಡಿದ. ಟಕ್. ಅಷ್ಟು ಇಂಪಾದ ಸದ್ದನ್ನು ಅವನು ಕೇಳಿರಲಿಲ್ಲ.

ಮೂವರೂ ಬಾಗಿಲವರೆಗೆ ಬಂದು ಬೀಳ್ಕೊಟ್ಟು ಬಾಗಿದರು. ಗಿರಾಕಿ ಕಣ್ಮರೆಯಾಗುವವರೆಗೆ ತಲೆ ಎತ್ತಬಾರದು. ಆದರೆ ಟ್ರಾಮ್ ನಿಲ್ದಾಣ ಅಂಗಡಿಯ ಎದುರಿಗೇ ಇತ್ತು. ಮಿನೋಬೆ ನಿಂತ, ಅವರು ಬಾಗಿಯೇ ಇದ್ದರು. ಒಳಗೆ ಹೋಗಿ ಎಂದು ಕೈಬೀಸಿದ, ಇನ್ನಷ್ಟು ಬಾಗಿದರು. ಕುಕ್ಕರ್ ತಬ್ಬಿಕೊಂಡು ತಾನೂ ಬಾಗಿದ. ಟ್ರಾಮಿನ ಸುಳಿವಿರಲಿಲ್ಲ.

ಬೆಂಚಿನ ಮೇಲಿದ್ದ ಮುದುಕರೊಬ್ಬರು ಹೇಳಿದರು: "ನೀನು ಮರೆಯಾಗೋವರೆಗೂ ಅವರು ಏಳಲ್ಲಪ್ಪ. ಆ ನಡುವಿನವರಿಗೆ ಸೊಂಟ ಹಿಡ್ಕೊಂಡಂಗಿದೆ."

ತಡೆಯಲಾಗದೆ ಮಿನೋಬೆ ಮೂಲೆ ತಿರುಗಿದ. ಬೆನ್ನ ಹಿಂದೆಯೇ ಟ್ರಾಮ್ ಬಂದು ಹೊರಟುಹೋಯಿತು. ಊರಿನ ಅರ್ಧ ದಾಟಿ ನಡೆದ. ತೋಳು ಬಿದ್ದುಹೋದಂತಿತ್ತು, ಎದೆ ಮಾತ್ರ ಉಬ್ಬಿತ್ತು.

ಮನೆ ಬಾಗಿಲಲ್ಲಿ ಕನ್ನಡಿಯಂತೆ ಹೊಳೆಯುವ ಕರಿ ಬೂಟುಗಳಿದ್ದವು. ಒಳಗೆ ಕುನಿಮೋತೊ ಮಂಡಿಯೂರಿ ಕೂತಿದ್ದ. ಎದುರಿಗೆ ಕಾಯೊ, ಪಕ್ಕದಲ್ಲಿ ತನಬೆ ಅಮ್ಮ.

"ಟ್ರಾಮನ್ನೂ ಹತ್ತದೆ ನಡೆದೇ ಹೊರಟುಬಿಟ್ರಿ," ಎಂದ ಕುನಿಮೋತೊ, ಅಳುವ ದನಿಯಲ್ಲಿ. "ನಿಮ್ಮ ಸಿಟ್ಟು ಇಳಿದಿಲ್ಲ ಅಂತ ಗೊತ್ತಾಯ್ತು. ಈ ಅಮ್ಮ ದಾರಿ ತೋರಿಸಿದ್ರು, ಕಾರಿನಲ್ಲಿ ಓಡಿ ಬಂದೆ. ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ವಸ್ತು ಎಸೆಯೋಕಾಗಲ್ಲ ಅಂತ ಹಳೇ ಕುಕ್ಕರನ್ನೂ ತಂದಿದೀನಿ." ಅದರ ಪಕ್ಕದಲ್ಲಿ ಯೋಕಾನ್ ಡಬ್ಬಿ ಇತ್ತು. ಕೆಂಪು ಕಾಳು ಅರೆದು ಮಾಡುವ ಆ ಸಿಹಿತಿಂಡಿ ಇಟ್ಟಿಗೆಯಷ್ಟು ಭಾರ. ತಪ್ಪು ದೊಡ್ಡದಾದಷ್ಟೂ ಭಾರದ ಡಬ್ಬಿ ಒಯ್ಯುವುದು ವಾಡಿಕೆ.

ಕಾಯೊಳ ಮುಖ ಕೆಂಪಾಗಿತ್ತು. "ರೀ, ಅಂಗಡೀಲಿ ಧರಣಿ ಕೂತಿದ್ರಂತೆ? ತನಬೆ ಅಮ್ಮ ಎಲ್ಲ ಹೇಳಿದ್ರು." ಗಂಡನ ತೋಳಿನಿಂದ ಹೊಸ ಕುಕ್ಕರ್ ತೆಗೆದು ಕುನಿಮೋತೊನ ಮುಂದೆ ಸರಿಸಿದಳು. "ಒಂದು ಮುಚ್ಚಳಕ್ಕೆ ನಿಮಗೆ ಇಷ್ಟು ತೊಂದ್ರೆ ಕೊಟ್ವಿ. ಇದು ನಮಗೆ ಬೇಡ. ಹಳೇದೇ ಸಾಕು."

ಮಿನೋಬೆ ಗಾಬರಿಯಾಗಲಿಲ್ಲ. ಈಗ ಕುನಿಮೋತೊ ಒಲ್ಲೆ ಅನ್ನಬೇಕು, ಇವಳು ಒತ್ತಾಯಿಸಬೇಕು, ಅವನು ಮತ್ತೆ ಒಲ್ಲೆ ಅನ್ನಬೇಕು. ಕೊನೆಗೆ ಕುಕ್ಕರ್ ಇಲ್ಲೇ ಉಳಿಯುತ್ತದೆ.

ಕುನಿಮೋತೊ ಮಿನೋಬೆಯ ಬೆವೆತ ಕೆಂಪು ಮುಖವನ್ನೇ ನೋಡಿದ. "ಇದನ್ನ ನಾನು ವಾಪಸ್ ತಗೊಂಡ್ರೆ ನಿಮ್ಮ ಕೋಪ ಇಳಿಯುತ್ತೆ ಅನ್ನೋದಾದ್ರೆ, ಹಾಗೇ ಆಗ್ಲಿ."

ಬೆಳಗಿನಿಂದ ಒಂದು 'ಬೇಡ'ವನ್ನೂ ನಂಬದಿದ್ದ ಮನುಷ್ಯ ಇದೊಂದನ್ನು ನಂಬಿದ.

"ಇಲ್ಲ, ಅದು ನನಗೆ..." ಎಂದು ಮಿನೋಬೆ ಬಾಯಿ ತೆರೆದ.

"ನೋಡಿ, ಮತ್ತೆ ಶುರು ಮಾಡಿದ್ರು," ಎಂದರು ತನಬೆ ಅಮ್ಮ.

ಆ ಮನೆಯಲ್ಲಿ ಆ ಹೊತ್ತಿಗೆ ಸರಿಯಾಗಿ ಮುಚ್ಚಿಕೊಂಡದ್ದು ಅವನ ಬಾಯಿಯೊಂದೇ.

ಸಂಜೆ ಕಾಯೊ ಹಳೇ ಕುಕ್ಕರಿನಲ್ಲಿ ಅಕ್ಕಿ ಹಾಕಿ, ಮುಚ್ಚಳದ ಮೇಲೆ ಯೋಕಾನ್ ಡಬ್ಬಿ ಹೇರಿದಳು. ಅನ್ನ ಮಲ್ಲಿಗೆಯಂತೆ ಅರಳಿತು. ಊಟ ಮುಗಿಸಿದ ಮಿನೋಬೆ, ಇದಾದರೂ ದಕ್ಕಲಿ ಎಂದು ಡಬ್ಬಿಯ ಕಡೆ ಕೈಚಾಚಿದ.

"ಅದನ್ನ ಮುಟ್ಬೇಡಿ," ಎಂದಳು ಕಾಯೊ. "ನಾಳೆ ಅನ್ನಕ್ಕೂ ಬೇಕು."